‘ಅಕ್ಕ’ ಅನ್ನಬಲ್ಲವರಿಗೆ ‘ಪೆಕ್ಕ’ ಕಷ್ಟವಲ್ಲ: ಫಿನ್ನಿಷ್ ಹೆಸರು ಓದುವ ಬಗೆ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಕೆ-ಒ-ಎನ್-ಇ ಅಂತ ನಾಲ್ಕು ಅಕ್ಷರಗಳಿವೆ. ವಾಚ್‌ಮನ್‌ನಿಂದ ಹಿಡಿದು ಸೊಸೈಟಿ ಸೆಕ್ರೆಟರಿಯವರೆಗೆ ಎಲ್ಲರೂ ಅದನ್ನು ‘ಕೋನ್’ ಅನ್ನುತ್ತಾರೆ, ಐಸ್‌ಕ್ರೀಂ ಕೋನಿನ ಹಾಗೆ. ಅದು ಫಿನ್‌ಲೆಂಡಿನ ಕಂಪನಿ. ಆ ಪದಕ್ಕೆ ಫಿನ್ನಿಷ್‌ನಲ್ಲಿ ‘ಯಂತ್ರ’ ಎಂದರ್ಥ, ಉಚ್ಚಾರ ‘ಕೊನೆ’. ತಿಂಗಳ ಕೊನೆ, ಸಾಲಿನ ಕೊನೆ ಅನ್ನುತ್ತೇವಲ್ಲ, ಅದೇ ಕೊನೆ. ದಿನಕ್ಕೆ ಹತ್ತು ಸಲ ನಮ್ಮ ಬಾಯಲ್ಲಿ ಬರುವ ಶಬ್ದವನ್ನೇ ಗೋಡೆಯ ಮೇಲೆ ಕಂಡಾಗ ತಪ್ಪು ಓದುತ್ತಿದ್ದೇವೆ.

ಈ ‘ಕೋನ್’ ನಮಗೆ ಬಂದದ್ದು ಇಂಗ್ಲಿಷಿನ ಬಾಯಿಂದ. ನೋಕಿಯಾ, ಊರಿನ ಹೆಸರಾದ ಟ್ಯಾಂಪಿಯರ್, ರೇಸ್ ಡ್ರೈವರ್ ರೈಕನನ್ ಕೂಡ ಹಾಗೆಯೇ. ಇಂಗ್ಲಿಷ್ ಮಾತಾಡುವವರಿಗೆ ಫಿನ್ನಿಷ್ ಹೆಸರುಗಳು ಎಷ್ಟು ಕಷ್ಟ ಅನ್ನುವುದು ಫಾರ್ಮುಲಾ ಒನ್ ಕಾಮೆಂಟರಿ ಕೇಳಿದವರಿಗೆ ಗೊತ್ತು. ಆದರೆ ಅದು ಅವರ ಕಷ್ಟ. ಅವರು ಎಡವುವ ಹೆಚ್ಚಿನ ಕಡೆಗಳಲ್ಲಿ ಕನ್ನಡದ ನಾಲಿಗೆ ಸಲೀಸಾಗಿ ದಾಟಿಹೋಗುತ್ತದೆ. ಅವರ ಹಿಂದೆ ಹೋದರೆ ನಾವೂ ಎಡವುತ್ತೇವೆ. (ನಮ್ಮವೇ ಆದ ಒಂದೆರಡು ಎಡವುಗಲ್ಲುಗಳೂ ಇವೆ, ಅವಕ್ಕೆ ಆಮೇಲೆ ಬರುತ್ತೇನೆ.)

ಫಿನ್‌ಲೆಂಡಿನ ಎಸ್ಪೋ ಊರಿನ ಟೀಮಿನ ಜೊತೆ ದಿನಾ ಕಾಲ್‌ನಲ್ಲಿ ಕೂರುವವರು, ಓದಲಿಕ್ಕೋ ಕೆಲಸಕ್ಕೋ ಅಲ್ಲಿಗೇ ಹೋದವರು, ರಾತ್ರಿ ಎದ್ದು ಕೂತು ರ‍್ಯಾಲಿ ನೋಡುವವರು, ಇಂಥವರಿಗಾಗಿ ಬರೆದದ್ದು ಇದು. ನನಗೂ ಇದು ಪೆಟ್ಟು ತಿಂದು ಬಂದ ಬುದ್ಧಿ. ಒಬ್ಬ ಸಹೋದ್ಯೋಗಿಯ ಹೆಸರು ‘ಜೆ’ ಅಕ್ಷರದಿಂದ ಶುರುವಾಗುತ್ತಿತ್ತು. ನಾನು ಮೂರು ವಾರ ಜಕಾರ ಹಚ್ಚಿಯೇ ಕರೆದೆ. ಆತ ಒಮ್ಮೆಯೂ ತಿದ್ದಲಿಲ್ಲ. ನಾಲ್ಕನೇ ವಾರ ಹೊಸಬರೊಬ್ಬರಿಗೆ ತನ್ನ ಪರಿಚಯ ಹೇಳಿಕೊಂಡಾಗ ಅಲ್ಲಿ ಜಕಾರವೇ ಇರಲಿಲ್ಲ, ಯಕಾರ ಇತ್ತು. ಕ್ಯಾಮೆರಾ ಆಫ್ ಇದ್ದದ್ದು ನನ್ನ ಪುಣ್ಯ.

ಮೊದಲ ಹೆಜ್ಜೆ: ಇಂಗ್ಲಿಷ್ ಕಾಗುಣಿತವನ್ನು ಬದಿಗಿಡಿ

ಇಂಗ್ಲಿಷಿನಲ್ಲಿ ‘ಇ’ ಅನ್ನುವ ರೋಮನ್ ಅಕ್ಷರ ಎರಡು ಬಂದರೆ ಈಕಾರ, ‘ಒ’ ಎರಡು ಬಂದರೆ ಊಕಾರ. ವ್ಯಂಜನ ಎರಡು ಬಂದರೆ ಅದು ಒತ್ತಕ್ಷರವೂ ಅಲ್ಲ, ಹಿಂದಿನ ಸ್ವರ ಮೊಟಕು ಅನ್ನುವುದಕ್ಕೆ ಗುರುತು ಅಷ್ಟೇ. ನಾವು ‘ಡಿನ್ನರ್’ ಎಂದು ಒತ್ತಿ ಹೇಳುತ್ತೇವೆ, ಇಂಗ್ಲಿಷರ ಬಾಯಲ್ಲಿ ಒಂದೇ ನಕಾರ. ಇದರ ಮೇಲೆ, ಒತ್ತು ಬೀಳದ ಸ್ವರವನ್ನೆಲ್ಲ ಅವರು ನುಂಗಿ ‘ಅ’ ಮಾಡಿಬಿಡುತ್ತಾರೆ. ಈ ಅಭ್ಯಾಸಗಳನ್ನು ಹೊತ್ತುಕೊಂಡು ಫಿನ್ನಿಷ್ ಹೆಸರಿಗೆ ಕೈ ಹಾಕಿದರೆ ಒಂದಕ್ಷರವೂ ನೆಟ್ಟಗೆ ಉಳಿಯುವುದಿಲ್ಲ.

ಫಿನ್ನಿಷ್ ನಮ್ಮ ಹಾಗೆ ಬರೆದಂತೆ ಓದುವ ಭಾಷೆ. ‘ಇ’ ಎರಡಿದ್ದರೆ ಏಕಾರ, ‘ಒ’ ಎರಡಿದ್ದರೆ ಓಕಾರ, ‘ಎ’ ಎರಡಿದ್ದರೆ ಆಕಾರ, ‘ಐ’ ಎರಡಿದ್ದರೆ ಈಕಾರ, ‘ಯು’ ಎರಡಿದ್ದರೆ ಊಕಾರ. ಒಂದೇ ಇದ್ದರೆ ಹ್ರಸ್ವ. ನ್ಯೂಯಾರ್ಕಿನ ಟಿಡಬ್ಲ್ಯುಎ ಟರ್ಮಿನಲ್ ಕಟ್ಟಡದ ವಿನ್ಯಾಸಕಾರ ಸಾರಿನೆನ್ ಅವರ ಮೊದಲ ಹೆಸರು ‘ಏರೊ’, ‘ಈರೋ’ ಅಲ್ಲ. ಐಸ್ ಹಾಕಿಯ ಸೆಲ್ಯಾನ್ನೆ ‘ತೇಮು’, ‘ಟೀಮು’ ಅಲ್ಲ. ಊರು ‘ಎಸ್ಪೋ’, ‘ಎಸ್ಪೂ’ ಅಲ್ಲ. ನೋಕಿಯಾದಲ್ಲಿ ‘ಒ’ ಒಂದೇ, ಕೊನೆಯ ‘ಎ’ ಕೂಡ ಒಂದೇ. ಆದ್ದರಿಂದ ಅದು ‘ನೊಕಿಅ’. ತಾಂಪೆರೆ ಪಕ್ಕದ ಊರೊಂದರ ಹೆಸರು ಅದು, ಕಂಪನಿಗೆ ಹೆಸರು ಬಂದದ್ದು ಆ ಊರಿಂದಲೇ.

ಮಾಡಬೇಕಾದ್ದು ಇಷ್ಟೇ: ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಕಿವಿಗೆ ಬಿದ್ದದ್ದನ್ನಲ್ಲ, ಅಕ್ಷರ ಎಣಿಸಿ ಬರೆಯಿರಿ. ನಾನು ಪ್ರತಿ ಹೊಸ ಹೆಸರನ್ನೂ ಹಳದಿ ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸುತ್ತಿದ್ದೆ. ಈ ಕೆಲಸಕ್ಕೆ ದೇವನಾಗರಿಗಿಂತ ನಮ್ಮ ಲಿಪಿ ಅನುಕೂಲ. ಎ-ಏ, ಒ-ಓ ಬೇರೆಬೇರೆ ಇಟ್ಟುಕೊಂಡಿರುವ ನಮಗೆ ‘ಕೊನೆ’ಯನ್ನು ‘ಕೋನೇ’ ಆಗದಂತೆ ಬರೆಯಲು ಬರುತ್ತದೆ.

ಎರಡನೆಯದು: ಒತ್ತು ಯಾವಾಗಲೂ ಮೊದಲಿಗೆ

ಇದರಲ್ಲಿ ಹೇಳುವುದಕ್ಕೆ ಹೆಚ್ಚಿಲ್ಲ. ಫಿನ್ನಿಷ್ ಪದದ ಒತ್ತು (ಒತ್ತಕ್ಷರವಲ್ಲ, ದನಿಯ ಒತ್ತು) ಮೊದಲ ಅಕ್ಷರದ ಮೇಲೇ ಬೀಳುತ್ತದೆ. ಇಂಗ್ಲಿಷರು ‘ಹೆಲ್‌ಸಿಂಕಿ’ಯಲ್ಲಿ ಎಷ್ಟೋ ಸಲ ‘ಸಿಂ’ ಮೇಲೆ ಏರುತ್ತಾರೆ, ಏರಬೇಕಾದ್ದು ‘ಹೆಲ್’ ಮೇಲೆ. ಕನ್ನಡದ ಮಾತಿನಲ್ಲೂ ಒತ್ತು ಇದ್ದಷ್ಟು ಮೊದಲಿಗೇ ಇರುವುದರಿಂದ ಹೆಸರನ್ನು ಕನ್ನಡದ ಪದದ ಹಾಗೆ ಹೇಳಿದರೆ ಸಾಕು. ಸ್ಟೈಲ್ ಮಾಡಲು ಹೋದರೆ ಕೆಡುತ್ತದೆ.

ಮೂರನೆಯದು: ಲಘು-ಗುರು ಹಾಕಿ

ಫಿನ್ನಿಷ್ ಹೆಸರಿನ ಜೀವ ಇರುವುದು ಇಲ್ಲಿ. ಹೈಸ್ಕೂಲಿನಲ್ಲಿ ಛಂದಸ್ಸಿನ ಪ್ರಸ್ತಾರ ಹಾಕಿದ್ದು ನೆನಪಿದ್ದರೆ ನೀವು ಅರ್ಧ ಗೆದ್ದಂತೆ. ಹ್ರಸ್ವ-ದೀರ್ಘ, ಒಂಟಿ-ಒತ್ತಕ್ಷರ, ಇವು ಅಲ್ಲಿ ಅರ್ಥವನ್ನೇ ಬದಲಿಸುತ್ತವೆ. ‘ಮುತ’ ಎಂದರೆ ಕೆಸರು. ‘ಮುತ್ತ’ ಎಂದರೆ ಆದರೆ. ‘ಮೂತ’ ಎಂದರೆ ಬೇರೆ ಏನಾದರೂ. ಇಂಗ್ಲಿಷರಿಗೆ ಈ ಮೂರೂ ಒಂದೇ ಹಾಗೆ ಕೇಳುತ್ತವೆ, ಒಂದೇ ಹಾಗೆ ಬಾಯಿಂದ ಬರುತ್ತವೆ. ಮಲೆ, ಮಾಲೆ, ಮಲ್ಲೆ ಮೂರನ್ನೂ ಒಂದೇ ಉಸಿರಿನಲ್ಲಿ ಬೇರೆಬೇರೆ ಹೇಳುವ ನಮಗೆ ಇದರಲ್ಲಿ ಯಾವ ರಹಸ್ಯವೂ ಇಲ್ಲ. ಇನ್ನೊಂದು, ಫಿನ್ನಿಷ್ ಕಲಿಯುವವರೆಲ್ಲರಿಗೂ ಹೆದರಿಸಿ ಹೇಳುವ ಜೋಡಿ: ‘ತಪಾನ್ ಸಿನುತ್’ ಎಂದರೆ ನಿನ್ನನ್ನು ಭೇಟಿಯಾಗುತ್ತೇನೆ, ‘ತಪನ್ ಸಿನುತ್’ ಎಂದರೆ ನಿನ್ನನ್ನು ಕೊಲ್ಲುತ್ತೇನೆ. ಒಂದು ಮಾತ್ರೆಯ ಅಂತರ.

ಹೆಸರುಗಳಿಗೆ ಬನ್ನಿ. ಪೆಕ್ಕ, ಯುಕ್ಕ, ಮತ್ತಿ, ಹೆಯ್ಕ್ಕಿ: ಎಲ್ಲ ಗಂಡಸರು, ಎಲ್ಲದರಲ್ಲೂ ಒತ್ತಕ್ಷರ. ‘ಅಕ್ಕ’ ಅನ್ನುವಾಗ ನಾಲಿಗೆಯ ಹಿಂಭಾಗ ಅಂಗುಳಿಗೆ ತಾಗಿ ಒಂದು ಕ್ಷಣ ನಿಂತು ಆಮೇಲೆ ಬಿಡುತ್ತದಲ್ಲ, ಆ ನಿಲುಗಡೆಯೇ ‘ಪೆಕ್ಕ’ದಲ್ಲೂ ಇರುವುದು. ಇಂಗ್ಲಿಷಿನವರು ‘ಪೆಕಾ’ ಎಂದು ಹಾರಿಸಿಬಿಡುತ್ತಾರೆ. (ಅಂದ ಹಾಗೆ, ‘ಅಕ್ಕ’ ಪದ ಫಿನ್ನಿಷ್‌ನಲ್ಲೂ ಇದೆ, ಉಚ್ಚಾರವೂ ಇದೇ. ಅರ್ಥ ಮಾತ್ರ ಮುದುಕಿ, ಅದೂ ಅಷ್ಟು ಗೌರವದ ಮಾತಲ್ಲ. ಹೆಲ್ಸಿಂಕಿಯ ಟ್ರಾಮಿನಲ್ಲಿ ಜೊತೆಗಿರುವ ಅಕ್ಕನನ್ನು ಜೋರಾಗಿ ಕೂಗುವ ಮುನ್ನ ಯೋಚಿಸಿ.)

1956ರಿಂದ 1982ರವರೆಗೆ ಅಧ್ಯಕ್ಷರಾಗಿದ್ದವರು ಉರ್ಹೊ ಕೆಕ್ಕೊನೆನ್. ‘ಕೆಕ್’ ಗುರು, ‘ಕೊ’ ಲಘು, ‘ನೆನ್’ ಗುರು. 1998 ಮತ್ತು 1999ರಲ್ಲಿ ಫಾರ್ಮುಲಾ ಒನ್ ಗೆದ್ದವರು ಮಿಕ ಹ್ಯಾಕ್ಕಿನೆನ್, ‘ಹ್ಯಾಕಿನನ್’ ಅಲ್ಲ. ಮೇಜಿನ ಮೇಲೆ ಬೆರಳು ತಟ್ಟುತ್ತಾ ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸಿ ಹೇಳಿ ನೋಡಿ, ಎರಡನೇ ಸಲಕ್ಕೇ ಕೂರುತ್ತದೆ.

ನಮಗೂ ತುಸು ಕಷ್ಟವಾಗುವುದು ಇನ್ನೊಂದು ವ್ಯಂಜನದ ಬೆನ್ನಿಗೇ ಒತ್ತಕ್ಷರ ಬಂದಾಗ. ನಾಲ್ಕು ಸಲ ವಿಶ್ವ ರ‍್ಯಾಲಿ ಚಾಂಪಿಯನ್ ಆದ ಯುಹ ಕಂಕ್ಕುನೆನ್ ಹೆಸರಿನಲ್ಲಿ ‘ಂ’ ಆದ ಮೇಲೂ ಕಕಾರ ಎರಡಿದೆ. ಇಲ್ಕ್ಕ, ವಲ್ತ್ತೆರಿ ಕೂಡ ಹೀಗೆಯೇ. ಕನ್ನಡದಲ್ಲಿ ಇಂಥ ಜಾಗದಲ್ಲಿ ನಾವು ಒಂದನ್ನು ಬಿಟ್ಟುಬಿಡುತ್ತೇವೆ. ಪದವನ್ನು ಎರಡು ತುಂಡು ಮಾಡಿ: ‘ಇಲ್ಕ್’, ಒಂದು ಕ್ಷಣ ನಿಲ್ಲಿ, ‘ಕ’. ಆಮೇಲೆ ತುಂಡುಗಳನ್ನು ಹತ್ತಿರ ತನ್ನಿ.

ನಾಲ್ಕನೆಯದು: ಚುಕ್ಕಿಯ ಸ್ವರಗಳು, ಮತ್ತೆ ‘ವೈ’

ಫಿನ್ನಿಷ್‌ಗೆ ಎಂಟು ಸ್ವರ. ಐದು ನಮ್ಮಲ್ಲಿವೆ. ಉಳಿದ ಮೂರಕ್ಕೆ ಒಂದು ಕನ್ನಡಿ ಬೇಕು.

‘ಎ’ ಅಕ್ಷರದ ಮೇಲೆ ಎರಡು ಚುಕ್ಕಿ ಇದ್ದರೆ ಅದು ‘ಬ್ಯಾಂಕ್’, ‘ಕ್ಯಾಮೆರಾ’ ಅನ್ನುವಾಗಿನ ಆ್ಯಕಾರ. ಇಂಗ್ಲಿಷಿನಿಂದ ಬಂದದ್ದೇನೂ ಅಲ್ಲ ಇದು. ಉತ್ತರ ಕರ್ನಾಟಕದವರ ‘ಬ್ಯಾಡ’, ‘ಮ್ಯಾಲೆ’ಗಳಲ್ಲಿ ಮೊದಲಿಂದಲೂ ಇದೆ. ಒಂದೇ ಇದ್ದಾಗ ಅದನ್ನು ಅರ್ಧ ಹೊತ್ತಿಗೆ ಮೊಟಕು ಮಾಡಿ, ಎರಡಿದ್ದಾಗ ಪೂರ್ತಿ ಎಳೆಯಿರಿ.

‘ವೈ’ ಅಕ್ಷರ ಯಕಾರವೂ ಅಲ್ಲ, ಇಕಾರವೂ ಅಲ್ಲ. ಕನ್ನಡಿ ಮುಂದೆ ನಿಂತು ‘ಈ...’ ಎಂದು ಎಳೆಯಿರಿ. ನಿಲ್ಲಿಸಬೇಡಿ. ನಾಲಿಗೆಯನ್ನು ಒಂದಿಷ್ಟೂ ಕದಲಿಸದೆ ತುಟಿಯನ್ನು ಮಾತ್ರ ‘ಊ’ ಅನ್ನುವ ಹಾಗೆ ಮುಂದೆ ತನ್ನಿ. ಒಳಗೆ ಈಕಾರ, ಹೊರಗೆ ಊಕಾರ. ಬಂದ ಶಬ್ದ ವಿಚಿತ್ರವಾಗಿ, ಸೀಟಿ ಊದಲು ಹೋಗಿ ಸೋತ ಹಾಗೆ ಕೇಳಿಸಿದರೆ ಅದೇ ಸರಿ. ಮೊದಲ ದಿನ ನಾಲಿಗೆ ತುಟಿಯ ಜೊತೆಗೇ ಹಿಂದಕ್ಕೆ ಜಾರಿ ಬರೀ ‘ಊ’ ಆಗುತ್ತದೆ. ನಾಲಿಗೆಯ ತುದಿಯನ್ನು ಕೆಳಹಲ್ಲಿನ ಹಿಂಬದಿಗೆ ಒತ್ತಿಟ್ಟುಕೊಂಡರೆ ಜಾರುವುದಿಲ್ಲ. ‘ಒ’ ಮೇಲೆ ಎರಡು ಚುಕ್ಕಿಯ ಸ್ವರವೂ ಇದೇ ಜಾತಿಯದು: ಒಳಗೆ ಎಕಾರ, ಹೊರಗೆ ಒಕಾರ.

ಕನ್ನಡ ಲಿಪಿಯಲ್ಲಿ ಇವೆರಡಕ್ಕೂ ಅಕ್ಷರವಿಲ್ಲ. ಹಾಗಾಗಿ ನನ್ನ ಚೀಟಿಗಳಲ್ಲಿ ಉಕಾರ, ಒಕಾರಗಳ ಪಕ್ಕ ಒಂದು ಗೀಟು ಹಾಕಿಕೊಳ್ಳುತ್ತೇನೆ: ಉ’, ಒ’. ಗೀಟು ಕಂಡರೆ ನಾಲಿಗೆ ಮುಂದೆ. 2007ರ ಫಾರ್ಮುಲಾ ಒನ್ ಚಾಂಪಿಯನ್ ಕಿಮಿ ನನ್ನ ಚೀಟಿಯಲ್ಲಿ ‘ರ‍್ಯಾಯ್ಕ್ಕೊ’ನೆನ್’. 2012ರಿಂದ 2024ರವರೆಗೆ ಅಧ್ಯಕ್ಷರಾಗಿದ್ದ ಸೌಲಿ ‘ನೀನಿಸ್ತೊ’’. ಇಂಗ್ಲಿಷರು ತಲೆಬಾಗುವ ಊರು ‘ಯು’ವ್ಯಾಸ್ಕು’ಲ್ಯಾ’. ಇದರಲ್ಲಿ ದೀರ್ಘವೂ ಇಲ್ಲ, ಒಂದೇ ವ್ಯಂಜನ ಎರಡು ಸಲ ಬರುವುದೂ ಇಲ್ಲ. ನಾಲ್ಕು ಅಕ್ಷರ, ನಾಲ್ಕರಲ್ಲೂ ನಾಲಿಗೆ ಮುಂದೆ, ಅಷ್ಟೇ.

ನಾಲ್ಕರಲ್ಲೂ ಹೀಗಾದದ್ದು ಆಕಸ್ಮಿಕವಲ್ಲ. ಫಿನ್ನಿಷ್‌ನಲ್ಲಿ ಅ-ಒ-ಉ ಒಂದು ಪಂಗಡ, ಚುಕ್ಕಿಯ ಎರಡು ಮತ್ತು ‘ವೈ’ ಇನ್ನೊಂದು ಪಂಗಡ. ಸಮಾಸವಲ್ಲದ ಒಂದೇ ಪದದಲ್ಲಿ ಇವು ಸಾಮಾನ್ಯವಾಗಿ ಒಟ್ಟಿಗೆ ಕೂರುವುದಿಲ್ಲ. ಇಕಾರ, ಎಕಾರ ಎರಡು ಕಡೆಗೂ ಹೋಗಬಲ್ಲ ಮಧ್ಯಸ್ಥರು. ಅದಕ್ಕೇ ‘ಕೊಯ್ವಿಸ್ತೊ’ ಅನ್ನುವ ಹೆಸರಿನ ಕೊನೆಗೆ ಬರೀ ಒಕಾರ, ‘ನೀನಿಸ್ತೊ’’ ಕೊನೆಗೆ ಗೀಟಿನ ಒಕಾರ. ‘ಮತ್ತಿಲ’ದಲ್ಲಿ ಲಕಾರ, ‘ಮ್ಯಾಕೆಲ್ಯಾ’ದಲ್ಲಿ ಲ್ಯಾಕಾರ. ಇಮೇಲಿನಲ್ಲಿ ಯಾರೋ ಚುಕ್ಕಿಗಳನ್ನು ತಿಂದುಹಾಕಿದ್ದರೆ ಎಲ್ಲಿ ಏನು ಇರಬೇಕಿತ್ತೆಂದು ಇದರಿಂದ ಕೆಲವೊಮ್ಮೆ ಊಹಿಸಬಹುದು. ನೀವು ಮಾತ್ರ ಚುಕ್ಕಿ ತಿನ್ನಬೇಡಿ, ಕೀಬೋರ್ಡಿನಲ್ಲಿ ಸಿಗದಿದ್ದರೆ ಅವರ ಸಹಿಯಿಂದ ಕಾಪಿ ಮಾಡಿ. ‘ವ್ಯಾಯ್ನೊ’’ ಗಂಡಸರ ಒಂದು ಹಳೆಯ, ಗೌರವದ ಹೆಸರು. ಚುಕ್ಕಿ ತೆಗೆದರೆ ಉಳಿಯುವ ಪದಕ್ಕೆ ‘ಕಿರುಕುಳ’ ಎಂದರ್ಥ.

ಜೋಡಿ ಸ್ವರಗಳ ಬಗ್ಗೆ ಒಂದೇ ಮಾತು: ಎರಡನ್ನೂ ಹೇಳಿ. ‘ಐ-ಇ’ ಜೋಡಿ ಇಂಗ್ಲಿಷರಿಗೆ ಈಕಾರ. ಅದಕ್ಕೇ ಅವರು ‘ನೀಮಿನೆನ್’ ಅನ್ನುತ್ತಾರೆ, ಇರುವುದು ‘ನಿಎಮಿನೆನ್’. ‘ಎ-ಯು’ ಜೋಡಿ ನಮ್ಮ ಔಕಾರಕ್ಕೆ ಹತ್ತಿರ: ಲೌರಿ, ಮೌನೊ, ಸೌಲಿ. ಜಿಮ್ಮಿನವರು ‘ಸೋನಾ ಬಾತ್’ ಎಂದು ಬೋರ್ಡ್ ಹಾಕುತ್ತಾರಲ್ಲ, ಆ ಪದವೂ ಫಿನ್ನಿಷೇ, ಅದು ‘ಸೌನ’.

ಐದನೆಯದು: ವ್ಯಂಜನಗಳು

‘ಜೆ’ ಯಾವಾಗಲೂ ಯಕಾರ. ಯುಹ, ಯಾರಿ ಅಲ್ಲ ‘ಯರಿ’, ತರ್ಯ. ನನ್ನ ಮೂರು ವಾರದ ಕಥೆ ಮೇಲೆ ಹೇಳಿದ್ದೇನೆ.

ರಕಾರ ನಮ್ಮದೇ, ನಾಲಿಗೆ ಕಂಪಿಸಬೇಕು. ವಕಾರವೂ ನಮ್ಮದೇ: ಇಂಗ್ಲಿಷಿನ ‘ವಿ’ಯ ಹಾಗೆ ಹಲ್ಲನ್ನು ತುಟಿಗೆ ಒತ್ತಿ ಗುಂಯ್ಗುಡಿಸುವುದಲ್ಲ, ‘ವನ’ ಅನ್ನುವಾಗಿನ ಮೆತ್ತನೆಯ ವಕಾರ. ಕ, ತ, ಪ ಅಲ್ಪಪ್ರಾಣ. ಇಂಗ್ಲಿಷರು ಪದದ ಮೊದಲಿಗೆ ಇವನ್ನು ಮಹಾಪ್ರಾಣದ ಹಾಗೆ ಉಸಿರು ಚೆಲ್ಲಿ ಹೇಳುತ್ತಾರೆ. ಅಂಗೈಯನ್ನು ಬಾಯಿಗೆ ಹತ್ತಿರ ಹಿಡಿದು ‘ಪೆಕ್ಕ’ ಅನ್ನಿ, ಗಾಳಿ ತಾಗಬಾರದು. ನಮಗೆ ತಾಗುವುದಿಲ್ಲ.

ಆದರೆ ತಕಾರದಲ್ಲಿ ನಾವೇ ಕೆಡಿಸಿಕೊಳ್ಳುತ್ತೇವೆ. ರೋಮನ್ ‘ಟಿ’ ಕಂಡ ಕೂಡಲೇ ಟಕಾರ ಬರೆಯುವುದು ಪತ್ರಿಕೆಗಳಿಗೂ ರೂಢಿ. ಫಿನ್ನಿಷ್ ‘ಟಿ’ ಹಲ್ಲಿಗೆ ತಾಗುತ್ತದೆ, ಅದು ತಕಾರ. ‘ಬೊಟ್ಟಾಸ್’ ಅಲ್ಲ, ‘ಬೊತ್ತಸ್’. ‘ವಿರ್ಟಾನೆನ್’ ಅಲ್ಲ, ‘ವಿರ್ತನೆನ್’. ‘ಟಾಂಪೆರೆ’ ಅಲ್ಲ, ‘ತಾಂಪೆರೆ’ಯೂ ಅಲ್ಲ (ಮೇಲೆ ನಾನೇ ಹಾಗೆ ಬರೆದೆ, ನೋಡಿದಿರಾ?), ‘ತಂಪೆರೆ’. ‘ತಂಪೆರೆ’ದ ಹಾಗೆ.

ಇನ್ನು ಹಕಾರ. ಇಲ್ಲಿ ಇಂಗ್ಲಿಷರೂ ಸೋಲುತ್ತಾರೆ, ನಾವೂ ಸೋಲುತ್ತೇವೆ. ಇನ್ನೊಂದು ವ್ಯಂಜನಕ್ಕೆ ಮೊದಲು ಬಂದರೂ ಫಿನ್ನಿಷ್ ಹಕಾರ ಸಾಯುವುದಿಲ್ಲ: ಊರು ‘ಲಹ್ತಿ’, 2008ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು ‘ಮರ್ತ್ತಿ ಅಹ್ತಿಸಾರಿ’. ಕನ್ನಡದಲ್ಲಿ ‘ಚಿಹ್ನೆ’ ಎಂದು ಬರೆದು ‘ಚಿನ್ಹೆ’ ಅನ್ನುತ್ತೇವೆ, ‘ಬ್ರಹ್ಮ’ ಬರೆದು ‘ಬ್ರಮ್ಹ’ ಅನ್ನುತ್ತೇವೆ. ಅದೇ ಚಾಳಿಯಲ್ಲಿ ‘ಲಹ್ತಿ’ ನಮ್ಮ ಬಾಯಲ್ಲಿ ‘ಲಥಿ’ ಆಗಿಬಿಡುತ್ತದೆ. ‘ಲ’ ಆದ ಮೇಲೆ ಕನ್ನಡಕದ ಗಾಜಿಗೆ ಹಬೆ ಊದುವ ಹಾಗೆ ಉಸಿರು ಬಿಡಿ, ಆಮೇಲೆ ‘ತಿ’.

ನಮ್ಮ ಬಾಯಿಯ ಇನ್ನೆರಡು ಚಾಳಿ

ಎಕಾರದಿಂದ ಶುರುವಾದರೆ ಮುಂದೆ ಯಕಾರ ಸೇರಿಸುವುದು, ‘ಎಲ್ಲಿ’ಯನ್ನು ‘ಯೆಲ್ಲಿ’ ಅಂದ ಹಾಗೆ. ಒಕಾರಕ್ಕೆ ವಕಾರ ಸೇರಿಸುವುದು, ‘ವೊಂದು’ ಅಂದ ಹಾಗೆ. ‘ಯೆಸ್ಪೋ’ ಅಂದರೆ ಫಿನ್ನಿಷರ ಕಿವಿಗೆ ಅದು ಬೇರೆ ಊರು. ಇನ್ನೊಂದು, ಹೊರಗಿನ ಹೆಸರೆಂದರೆ ಕೊನೆಯ ಸ್ವರವನ್ನು ಎಳೆಯುವುದು: ಮಿಕಾ, ಪೆಕ್ಕಾ, ನೋಕಿಯಾ. ಹೀಗೆ ಎಲ್ಲವನ್ನೂ ಎಳೆದರೆ, ನಿಜಕ್ಕೂ ದೀರ್ಘವಿರುವ ವಂತಾ, ಎಸ್ಪೋ ಊರುಗಳಿಗೆ ಏನು ಉಳಿಯಿತು?

ಆರನೆಯದು: ಬಾಲ ನೋಡಿ ಬೆದರಬೇಡಿ

ಅಡ್ಡಹೆಸರುಗಳಲ್ಲಿ, ಅಂದರೆ ಮನೆತನದ ಹೆಸರುಗಳಲ್ಲಿ, ‘-ನೆನ್’ ಬಹಳ. ಕೊರ್ಹೊನೆನ್, ವಿರ್ತನೆನ್ ಅಲ್ಲಿ ಅತಿ ಸಾಮಾನ್ಯ. ಒಮ್ಮೆ ಈ ಬಾಲ ಕಿವಿಗೆ ಹಿಡಿದರೆ ಉದ್ದದ ಹೆಸರೂ ಅರ್ಧಕ್ಕೆ ಇಳಿಯುತ್ತದೆ. ಒಳಗಿನ ಪದದ ಅರ್ಥ ಗೊತ್ತಾದರೆ ಇನ್ನೂ ಸುಲಭ: ‘ಮ್ಯಾಕಿ’ ಬೆಟ್ಟ, ‘ಯ್ಯಾರ್ವಿ’ ಕೆರೆ, ‘ಸಾರಿ’ ದ್ವೀಪ, ‘ನಿಎಮಿ’ ನೀರಿಗೆ ಚಾಚಿದ ನೆಲ, ‘ವಿರ್ತ’ ಹರಿವು. ‘ಊಸಿ’ ಹೊಸತು, ‘ತಲೊ’ ಮನೆ. ‘ಊಸಿತಲೊ’ ಎಂಬ ಅಡ್ಡಹೆಸರಿನವರು ಸಿಕ್ಕರೆ ನಮ್ಮ ಹುಬ್ಬಳ್ಳಿ ಕಡೆಯ ‘ಹೊಸಮನಿ’ಯವರೆಂದೇ ತಿಳಿಯಿರಿ.

ಫಿನ್ನಿಷ್‌ನಲ್ಲಿ ಹೆಸರಿಗೂ ವಿಭಕ್ತಿ ಹತ್ತುತ್ತದೆ, ಹತ್ತುವಾಗ ಹೆಸರೇ ಸ್ವಲ್ಪ ಕರಗುತ್ತದೆ. ‘ಪೆಕ್ಕನ’ ಅನ್ನಲು ‘ಪೆಕನ್’, ‘ವಿರ್ತನೆನ್‌ರ’ ಅನ್ನಲು ‘ವಿರ್ತಸೆನ್’. ಮೇಲ್ ಸರಣಿಯಲ್ಲಿ ‘ಪೆಕನ್’ ಕಂಡು ಟೀಮಿಗೆ ಹೊಸಬರು ಬಂದರೆಂದು ಸ್ವಾಗತ ಕೋರಬೇಡಿ.

ಗಂಡು-ಹೆಣ್ಣಿನ ವಿಷಯದಲ್ಲಿ ನಮ್ಮ ಕಿವಿಯನ್ನು ನಂಬುವ ಹಾಗಿಲ್ಲ. ಮಿಕ, ಎಸ, ಯುಕ್ಕ, ಕರಿ ಗಂಡಸರು. ಸರಿ, ಔಟಿಯಂತೆ ಕಾಣುವ ‘ಒಉತಿ’, ‘ಪ್ಯಾಯ್ವಿ’ ಹೆಂಗಸರು. ಸರ್ವನಾಮದಿಂದಲೂ ಸುಳಿವು ಸಿಗದು, ‘ಹ್ಯಾನ್’ ಎಂದರೆ ಅವನೂ ಹೌದು, ಅವಳೂ ಹೌದು. ಕೇಳಿಯೇ ತಿಳಿದುಕೊಳ್ಳಿ.

ಈ ನಿಯಮಕ್ಕೆಲ್ಲ ಹೊರಗಿರುವವರು ಸ್ವೀಡಿಷ್ ಹೆಸರಿನವರು. ಫಿನ್‌ಲೆಂಡಿನಲ್ಲಿ ಸ್ವೀಡಿಷ್ ಕೂಡ ಅಧಿಕೃತ ಭಾಷೆ. ಲಿನಕ್ಸ್ ಕಟ್ಟಿದ ಲೀನುಸ್ ತೊರ್ವಾಲ್ಡ್ಸ್ ಸ್ವೀಡಿಷ್ ಮಾತಿನ ಮನೆಯವರು, ಸಂಗೀತಕಾರ ಸಿಬೇಲಿಯುಸ್ ಕೂಡ. ಇಂಥ ಹೆಸರು ಬಂದಾಗ ಅಕ್ಷರ ಎಣಿಸಿ ಪ್ರಯೋಜನವಿಲ್ಲ, ಅವರ ಬಾಯಿಂದಲೇ ಕೇಳಿ.

ಕೊನೆಗೆ, ನಿಮ್ಮ ಹೆಸರು

ಈ ಲೆಕ್ಕವನ್ನೇ ತಿರುವಿ ಹಾಕಿ ನೋಡಿ. ನಾವು ‘ದೀಪಾ’ವನ್ನು ಎರಡು ‘ಇ’ ಹಾಕಿ ಬರೆಯುತ್ತೇವೆ. ಫಿನ್ನಿಷ್ ಕಣ್ಣಿಗೆ ಅದು ‘ದೇಪ’. ‘ಗೀತಾ’ಕ್ಕೆ ‘ಟಿ-ಎಚ್’ ಹಾಕಿದ್ದರೆ ‘ಗೇತ್‌ಹ’. ‘ಜಯ’ದಲ್ಲಂತೂ ‘ಜೆ’ಯೂ ಇದೆ, ‘ವೈ’ಯೂ ಇದೆ, ಏನಾಗುತ್ತದೆಂದು ನೀವೇ ಊಹಿಸಿ. ಅಲ್ಲಿ ಕ್ಲಿನಿಕ್ಕಿನಲ್ಲೋ ಕಚೇರಿಯಲ್ಲೋ ಸರದಿಗೆ ಕಾಯುವಾಗ ನಿಮ್ಮ ಹೆಸರನ್ನು ಹೇಗೆ ಕೂಗಬಹುದೆಂದು ಮೊದಲೇ ಅಂದಾಜಿದ್ದರೆ ಒಳ್ಳೆಯದು. ಸಹೋದ್ಯೋಗಿಗಳಿಗೆ ಹೇಳಿಕೊಡುವಾಗ ಅವರ ಕಾಗುಣಿತದಲ್ಲೇ ಬರೆದುಕೊಡಿ: ಈಕಾರಕ್ಕೆ ‘ಐ’ ಎರಡು, ಆಕಾರಕ್ಕೆ ‘ಎ’ ಎರಡು, ಯಕಾರಕ್ಕೆ ‘ಜೆ’.

ನಾನು ಜಕಾರ ಹಚ್ಚಿ ಕರೆದಿದ್ದೆನಲ್ಲ, ಆತ ಕೆಲವು ತಿಂಗಳಾದ ಮೇಲೆ ಚಾಟಿನಲ್ಲಿ ಕೇಳಿದ, ನಿನ್ನ ಹೆಸರು ಸರಿಯಾಗಿ ಹೇಳುವುದು ಹೇಗೆ ಎಂದು. ನನ್ನ ಹೆಸರಿನಲ್ಲೂ ಒಂದು ‘ದೀ’ ಇದೆ. ‘ಐ’ ಎರಡು ಹಾಕಿ ಟೈಪ್ ಮಾಡಿ ಕಳಿಸಿದೆ. ಮಾರನೆಯ ದಿನ ಕಾಲ್‌ನಲ್ಲಿ ಕರೆದ: ದೀರ್ಘ ಅಚ್ಚುಕಟ್ಟಾಗಿ ಬಂದಿತ್ತು, ದಕಾರ ಮಾತ್ರ ಡಕಾರವಾಗಿತ್ತು. ನಾನೂ ತಿದ್ದಲಿಲ್ಲ.